ಶವರಿನ ತಲೆಗೆ ಹುಣಸೆಹಣ್ಣು

...ಅಥವಾ ಆ ಗೋಡೆ ಅಷ್ಟು ಕರ್ರಗೆ ಇರಲೇ ಇಲ್ಲವೇನೋ. ಮಾನ್ವಿಯ ನಮ್ಮ ಹಳೆಯ ಮನೆಯ ಬಚ್ಚಲನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಒಂದು ಕಪ್ಪು ಗೋಡೆ, ಅದರ ಮುಂದೆ ಒಲೆಯ ಮೇಲೆ ಕೂತ ತಾಮ್ರದ ಹಂಡೆ, ಹಂಡೆಯ ಪಕ್ಕದಲ್ಲಿ ತಂಬಿಗೆ ಹಿಡಿದು ನಿಂತ ಅಕ್ಕ. ಗೋಡೆಯ ಕಪ್ಪು ಹೊಗೆಯದೋ ಬೂಷ್ಟಿನದೋ ಎಂದು ಆಗ ಯಾರೂ ಕೇಳುತ್ತಿರಲಿಲ್ಲ. ಈಗ ಕೇಳಿಕೊಂಡರೆ ಎರಡೂ ಹೊಂದುವುದಿಲ್ಲ. ಹೊಗೆಯದಾದರೆ ಅದು ಒಣಗಿರಬೇಕಿತ್ತು. ನನ್ನ ನೆನಪಿನಲ್ಲಿ ಅದು ಒದ್ದೆ, ಬೆರಳಿಟ್ಟರೆ ಜಾರುತ್ತದೆ. ಬೂಷ್ಟಿನದಾದರೆ ದಿನಾ ಬೆಂಕಿ ಉರಿಯುವ ಒಲೆಯ ಹಿಂದೆ ಅದು ಬದುಕಿದ್ದು ಹೇಗೆ? ಕೊನೆಗೆ ಅಕ್ಕನನ್ನೇ ಕೇಳಿದೆ.

“ಆ ಮನ್ಯಾಗ ಬಚ್ಚಲಕ್ಕ ಗೋಡಿನ ಇರಲಿಲ್ಲಲೇ ತಮ್ಮಾ,” ಅಂದಳು. “ತೊಗರಿ ಕಟಿಗಿ ತಟ್ಟಿ ಇತ್ತು.”

ಅಂದರೆ ಇಷ್ಟು ವರ್ಷ ನಾನು ಇಲ್ಲದ ಒಂದು ಗೋಡೆಯನ್ನು ತಲೆಯಲ್ಲಿ ಹೊತ್ತು ತಿರುಗಿದ್ದೇನೆ, ಅದೂ ಬೂಷ್ಟು ಸಮೇತ. ಅಕ್ಕ ಹೇಳಿದ್ದೇ ಸರಿ ಎಂದು ನಾನೇನೂ ಒಪ್ಪಿಲ್ಲ. ಅವಳ ನೆನಪಿಗೂ ಅವಳ ಭುಜಕ್ಕೂ ಒಂದೇ ವಯಸ್ಸು, ಮತ್ತು ಭುಜದ ಸ್ಥಿತಿ ಏನಾಗಿತ್ತೆಂದು ಮುಂದೆ ಹೇಳುತ್ತೇನೆ.

ಇಲ್ಲದ ಗೋಡೆ ನಮ್ಮಿಬ್ಬರ ನಡುವೆ ಜಗಳಕ್ಕೆ ಬಂದದ್ದು ಇರುವ ಗೋಡೆಯೊಂದರ ದೆಸೆಯಿಂದ. ರಾಯಚೂರಿನ ನಮ್ಮ ಮನೆಯ ಬಾತ್‌ರೂಮಿನ ಗೋಡೆ. ಅದಕ್ಕೆ ಬೂಷ್ಟು ಹಿಡಿದಿತ್ತು. ರಾಯಚೂರಿನಲ್ಲಿ ಬೂಷ್ಟು ಅಂದರೆ ನಮ್ಮ ಬಿಸಿಲು ಕಂಡವರು ನಗುತ್ತಾರೆ. ಹಪ್ಪಳದ ಒಂದು ಮಗ್ಗುಲು ಒಣಗುವುದರೊಳಗೆ ಇನ್ನೊಂದು ಮಗ್ಗುಲೂ ಒಣಗಿ, ಒಣಗಲು ಹಾಕಿದವರೂ ಒಣಗಿ ಹೋಗುವ ಊರು ಇದು. ಇಂಥ ಊರಿನಲ್ಲಿ ಬೂಷ್ಟನ್ನು ಬೆಳೆಸಬೇಕಾದರೆ ಬುದ್ಧಿ ಖರ್ಚು ಮಾಡಬೇಕು. ನಾನು ಮಾಡಿದ್ದೆ. ಅಕ್ಕಿ ಗಿರಣಿಗಳ ಕಡೆಯಿಂದ ಗಾಳಿ ಬೀಸಿದರೆ ಭತ್ತದ ಹೊಟ್ಟಿನ ಬೂದಿ ಒಳಗೆ ಬರುತ್ತದೆ ಎಂದು ಬಾತ್‌ರೂಮಿನ ಮೇಲಿನ ಸಣ್ಣ ಕಿಟಕಿಗೆ ರಟ್ಟು ಬಡಿದಿದ್ದೆ. ಬೂದಿ ನಿಂತಿತು. ಗಾಳಿಯೂ ನಿಂತಿತು. ಮೊದಲು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಬಂದವು, ಆಮೇಲೆ ಚುಕ್ಕೆಗಳು ಸಂಬಂಧ ಬೆಳೆಸಿದವು. ದೀಪಾವಳಿಗೆ ಅದರ ಮೇಲೇ ಬಿಳಿ ಬಣ್ಣ ಹೊಡೆಸಿದೆ. ಯುಗಾದಿ ಹೊತ್ತಿಗೆ ಅದು ಬಣ್ಣ ಉಂಡು ದಷ್ಟಪುಷ್ಟವಾಗಿ ಹೊರಗೆ ಬಂತು. ಅಲ್ಲಿಂದ ಮುಂದೆ ನಾನು ಅದನ್ನು ನೋಡುವುದನ್ನೇ ಬಿಟ್ಟೆ. ದಿನಾ ಕಾಣುವುದನ್ನು ಕಾಣದಂತೆ ಇರುವ ವಿದ್ಯೆಯಲ್ಲಿ ಗಂಡಸರು ಪಳಗಿದವರು ಎಂದು ಹೆಂಡತಿ ಸರೋಜಾ ಹೇಳುತ್ತಾಳೆ. ಇದನ್ನು ಅವಳು ಬಾತ್‌ರೂಮಿನ ವಿಷಯಕ್ಕೇ ಹೇಳಿದಳೋ ಬೇರೆ ಯಾವುದಕ್ಕೋ, ನೆನಪಿಲ್ಲ.

ಆ ಗೋಡೆಯ ನಡುವೆ ಒಂದು ಶವರ್ ಇತ್ತು. ಇತ್ತು ಅಂದರೆ, ಇತ್ತು. ಮನೆ ಕಟ್ಟಿಸುವಾಗ ಗಾರೆಯವನು, “ಎಲ್ಲಾರೂ ಹಾಕಸ್ತಾರ್ರಿ ಸರ,” ಅಂದದ್ದಕ್ಕೆ ಹಾಕಿಸಿದ್ದೆವು. ಅದರಲ್ಲಿ ಮಿಂದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ನಮ್ಮ ಕಡೆ ಮೈಗೆ ನೀರು ಹಾಕಿಕೊಳ್ಳುವುದೇ ಬೇರೆ, ತಲೆಗೆ ಹಾಕಿಕೊಳ್ಳುವುದೇ ಬೇರೆ. ಮೈಗೆ ದಿನಾ. ತಲೆಗೆ ಹೆಂಗಸರಾದರೆ ಮಂಗಳವಾರ, ಶುಕ್ರವಾರ. ಅದು ಬಿಟ್ಟು ಬೇರೆ ದಿನ ತಲೆಗೆ ನೀರು ಬಿತ್ತೆಂದರೆ ಏನೋ ಆಗಿದೆ ಎಂದು ಅರ್ಥ. ಶವರಿಗೆ ಈ ವಾರಗಳ ಲೆಕ್ಕ ತಿಳಿಯದು. ತಿರುಗಿಸಿದರೆ ನೆತ್ತಿಗೇ ಸುರಿಯುತ್ತದೆ. ಹೀಗಾಗಿ ಅದನ್ನು ಟವೆಲ್ಲು ನೇತುಹಾಕಲು ಇಟ್ಟುಕೊಂಡೆವು. ಈ ನಡುವೆ ಬೋರಿನ ಸವಳು ನೀರು ಒಳಗೊಳಗೇ ಕೆಲಸ ಮಾಡಿ, ಅದರ ತೂತುಗಳಿಗೆಲ್ಲ ಉಪ್ಪು ಕಟ್ಟಿ, ಮುಖದ ತುಂಬ ಬೆಳ್ಳಗೆ ಕಜ್ಜಿ ಬಂದವರ ಹಾಗೆ ಕಾಣುತ್ತಿತ್ತು.

ಹೀಗಿರುವಾಗ ಬೇಸಿಗೆಯಲ್ಲಿ ದೇವದುರ್ಗದಿಂದ ಅಕ್ಕ ಬಂದಳು.

ಅಕ್ಕನ ಹೆಸರು ಅಮರಮ್ಮ. ಅವಳ ಬಲಭುಜ ಹಿಡಿದುಕೊಂಡಿತ್ತು. ಕೈ ಎದೆಯ ಮಟ್ಟಕ್ಕೆ ಬಂದರೆ ಅಲ್ಲಿಗೇ ನಿಲ್ಲುತ್ತಿತ್ತು, ಹೆದರಿದ ಎತ್ತಿನ ಹಾಗೆ, ಮುಂದಕ್ಕೆ ಒಂದು ಹೆಜ್ಜೆ ಇಲ್ಲ. ಎಡಗೈಯ ಮಣಿಕಟ್ಟು ಹಿಂದೊಮ್ಮೆ ಮುರಿದು ಸೊಟ್ಟ ಕೂಡಿದ್ದು. ತುಂಬಿದ ತಂಬಿಗೆಯ ಭಾರ ತಾಳದು. ರಾಯಚೂರಿನಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರು ಇದ್ದಾರೆಂದು ತೋರಿಸಲು ಬಂದಿದ್ದಳು. ಕೈ ಏಳಲು ತಿಂಗಳುಗಟ್ಟಲೆ ಬೇಕು ಎಂದು ಅವರು ಹೇಳಿದರು. ಅಕ್ಕ ಇದನ್ನು ಸಮಾಧಾನದಿಂದಲೇ ಕೇಳಿದಳು. ಮನೆಗೆ ಬಂದ ಮೇಲೆ ಸರೋಜಾ, “ನಡೀರಿ ಅಕ್ಕಾರ, ನೀರು ಹಾಕತೀನಿ,” ಅಂದಾಗ ಸಮಾಧಾನ ಹೋಯಿತು.

“ಬ್ಯಾಡ.”

“ಅಯ್ಯ, ನಾ ಏನು ಪರಕ್ಯೇನ್ರಿ?”

“ನೀ ಪರಕಿ ಅಲ್ಲ. ನಾ ಕೂಸಲ್ಲ.”

ಇದರ ಹಿಂದೆ ಒಂದು ಕಥೆ ಇದೆ. ದೇವದುರ್ಗದ ಅವಳ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎರೆದವಳು ಅಕ್ಕ. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು, ಹದ ನೋಡಿ ನೀರು ಬಿಟ್ಟರೆ ಅಳುವ ಕೂಸು ಅಲ್ಲೇ ನಿದ್ದೆ ಹೋಗುತ್ತಿತ್ತಂತೆ. ಬಾಣಂತಿಯರಿಗೆ ಎರೆದಳು. ಮದುಮಕ್ಕಳಿಗೆ ಅರಿಶಿನದ ನೀರು ಎರೆದಳು. ಸತ್ತವರಿಗೂ ಎರೆದಳು, ಅದಕ್ಕೂ ಧೈರ್ಯದ ಕೈ ಬೇಕು, ಎಲ್ಲರಿಗೂ ಬರುವುದಿಲ್ಲ. ಇಂಥವಳ ಕೈ ಎದೆಯ ಮಟ್ಟಕ್ಕೆ ನಿಂತ ಮೇಲೆ ಮನೆಯಲ್ಲಿ ಸೊಸೆ ತಂಬಿಗೆ ಹಿಡಿದಳು. ಕೆಲವು ದಿನ ಸುಮ್ಮನೆ ಕೂತಳಂತೆ. ಆಮೇಲೆ ಒಂದು ದಿನ ಒದ್ದೆ ಮೈಯಲ್ಲೇ ಎದ್ದು ಬಂದು, ರಾಯಚೂರಿಗೆ ಹೋಗುತ್ತೇನೆ ಎಂದಳಂತೆ.

“ಕೂಸಿಗೆ ಎರೀತಾರ, ಹೆಣಕ್ಕ ಎರೀತಾರ,” ಅಂದಳು ನನಗೆ. “ನಾ ಈಗ ಎರಡೂ ಅಲ್ಲಲ್ಲ. ನಡಕ ಇರೋ ಮಂದಿ ತಮ್ಮ ನೀರು ತಾವ ಹಾಕ್ಕೋಬೇಕು.”

“ಸಣ್ಣ ಮಗ್ಗು ಕೊಡ್ಲೇನು? ಭಾರ ಇರೋದಿಲ್ಲ.”

“ನೋಡೀನಿ. ಅದು ಮೈ ತೊಳಕೊಂಡಂಗ ಅಲ್ಲ, ತುಳಸಿಗಿಡಕ್ಕ ನೀರು ಹಾಕಿದಂಗ.”

“ನಳಕ್ಕ ಪೈಪ್ ಹಚ್ಚಿಕೊಡ್ತೀನಿ, ನೀನ ಹಿಡಕೊಂಡು...”

“ಪೈಪಿಲೆ ಎಮ್ಮಿ ಮೈ ತೊಳೀತಾರ.”

ಹೀಗೆ ಒಂದೊಂದೇ ದಾರಿ ಮುಚ್ಚಿ ಬಂದು ಅವಳ ಕಣ್ಣು ಶವರಿನ ಮೇಲೆ ನಿಂತಿತು. ಟೀವಿಯಲ್ಲಿ ಸೋಪಿನ ಜಾಹೀರಾತಿನ ಹುಡುಗಿಯನ್ನು ಅವಳು ಗಮನವಿಟ್ಟು ನೋಡಿದ್ದಳಂತೆ. “ಆ ಹುಡುಗಿ ಕೈನ ಎತ್ತೋದಿಲ್ಲ ತಮ್ಮಾ. ನೀರು ತಾನ ಬರತದ. ಮಳಿ ಇದ್ದಂಗ. ಮಳಿ ಯಾರ ಕೈಯಾಗೂ ಇರೋದಿಲ್ಲ.” ಟವೆಲ್ಲು ತೆಗೆದು, ಕತ್ತೆತ್ತಿ, ನಮ್ಮ ಶವರನ್ನೂ ಅದರ ಹಿಂದಿನ ಗೋಡೆಯನ್ನೂ ಬಹಳ ಹೊತ್ತು ನೋಡಿದಳು. “ಇದನ್ನ ಚಂದ ಮಾಡಿಕೊಡು. ಅಲ್ಲೀತನಾ ನಾ ಒದ್ದಿ ಅರಬಿಲೆ ಮೈ ಒರಿಸಿಕೊಳ್ತೀನಿ.”

ಅಕ್ಕ ಹಟಕ್ಕೆ ಬಿದ್ದರೆ ಏನೆಂದು ನನಗೆ ಗೊತ್ತು. ರಾಯಚೂರಿನ ಆ ಬಿಸಿಲಿನಲ್ಲಿ ಅರಬಿಯ, ಅಂದರೆ ಬಟ್ಟೆಯ, ಸ್ನಾನ ಎಂಬುದು ಎಷ್ಟು ದಿನ ನಡೆದೀತು? ನಾನು ಬಜಾರಿಗೆ ಓಡಿದೆ.

ಹಾರ್ಡ್‌ವೇರ್ ಅಂಗಡಿಯ ಸಾಹುಕಾರ ನನ್ನ ಮಾತು ಪೂರ್ತಿ ಕೇಳುವ ಮೊದಲೇ ಒಂದು ಬಾಟಲಿ ಆ್ಯಸಿಡ್, ಒಂದು ಪೊಟ್ಟಣ ಬ್ಲೀಚಿಂಗ್ ಪುಡಿ ಮುಂದಿಟ್ಟ. “ಇದು ಉಪ್ಪಿಗೆ, ಇದು ಪಾಚಿಗೆ. ಎರಡೂ ಕೂಡಿಸಬ್ಯಾಡ್ರಿ ಮತ್ತ. ಘಾಟಿಗೆ ಒಳಗ ಹೋದವ್ರು ಹೊರಗ ಬರೋದಿಲ್ಲ.” ಈ ಮಾತನ್ನು ನಾನು ಮನೆಯಲ್ಲಿ ಹಾಗೇ ಒಪ್ಪಿಸಿದ್ದು ತಪ್ಪಾಯಿತು. ಸರೋಜಾ ಆ್ಯಸಿಡ್ ಬಾಟಲಿಯನ್ನು ಹೊಸ್ತಿಲ ಒಳಗೇ ಬಿಡಲಿಲ್ಲ. ಮರೆಗುಳಿ ಗಂಡನಿರುವ ಮನೆಯಲ್ಲಿ ಎರಡರಲ್ಲಿ ಒಂದು ಮಾತ್ರ ಇರಬೇಕು ಎಂಬುದು ಅವಳ ವಾದ. ಬಾಟಲಿ ಮರಳಿ ಅಂಗಡಿಗೆ ಹೋಯಿತು. ಗೋಡೆಗೆ ಪುಡಿ ಉಳಿಯಿತು. ಶವರಿನ ಉಪ್ಪಿಗೆ ಏನೂ ಉಳಿಯಲಿಲ್ಲ.

“ಅದಕ್ಯಾಕ ಆ್ಯಸಿಡ್ಡು?” ಅಂದಳು ಅಕ್ಕ. “ಹುಣಸಿಹಣ್ಣು ಇಲ್ಲೇನು ಮನ್ಯಾಗ? ತಾಮ್ರದ ಕೊಡಾನ ಬೆಳಗತದ ಅದು, ಇದರ ಉಪ್ಪೇನು ದೊಡ್ಡದು.”

ಹುಣಸೆಹಣ್ಣನ್ನು ಗಟ್ಟಿಯಾಗಿ ಕಿವುಚಿ, ರಸವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಶವರಿನ ತಲೆ ಅದರಲ್ಲಿ ಮುಳುಗುವಂತೆ ಕೊರಳಿಗೆ ದಾರ ಬಿಗಿದೆವು. ಅಕ್ಕ ಕೆಳಗೆ ನಿಂತು, ಇನ್ನಷ್ಟು ಬಿಗಿ, ಇನ್ನಷ್ಟು ಬಿಗಿ ಎನ್ನುತ್ತಿದ್ದಳು. ಕೆಲಸ ಮುಗಿದಾಗ ಶವರು ಹಲ್ಲುನೋವಿಗೆ ಗದ್ದಕ್ಕೆ ಬಟ್ಟೆ ಕಟ್ಟಿಕೊಂಡು ಕೂತವರ ಹಾಗಿತ್ತು.

ಇಲ್ಲಿ ನಾನೊಂದು ಕಥೆ ಹೇಳಬೇಕೆಂದಿದ್ದೆ. ಚೀಲ ಕಟ್ಟುವಾಗ ಅಕ್ಕನಿಗೂ ಹೇಳಿದೆ. ಸಣ್ಣವನಿದ್ದಾಗ ಮಾನ್ವಿಯಲ್ಲಿ ಅಕ್ಕ ನನಗೆ ಎರೆಯುವಾಗ ಸೀಗೆಪುಡಿ ಕಣ್ಣಿಗೆ ಬಿದ್ದು, ನಾನು ಬತ್ತಲೆ ಎದ್ದು ಓಡಿ, ಓಣಿಯ ತುದಿಯ ಹಿಟ್ಟಿನ ಗಿರಣಿಗೆ ನುಗ್ಗಿ, ಒದ್ದೆ ಮೈಗೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡು ಬಂದದ್ದು. ಮನೆಗೆ ಬಂದವರಿಗೆಲ್ಲ ಇದನ್ನು ಹೇಳಿ ನಗಿಸಿದ್ದೇನೆ. ಅಕ್ಕ ಕೇಳಿಸಿಕೊಂಡು, “ಅದು ನೀ ಅಲ್ಲ, ಪಂಪಣ್ಣ,” ಅಂದಳು. ಪಂಪಣ್ಣ ನಮ್ಮ ಕಾಕನ ಮಗ, ನನ್ನ ವಾರಿಗೆಯವನು, ಇನ್ನೂ ಮಾನ್ವಿಯಲ್ಲೇ ಇದ್ದಾನೆ. ನನಗೆ ಆ ಹಿಟ್ಟು ಮೈಮೇಲೆ ಬಿಗಿದುಕೊಂಡದ್ದು ಈಗಲೂ ತಿಳಿಯುತ್ತದೆ. ಇನ್ನೊಬ್ಬನ ಚರ್ಮದ ನೆನಪು ನನಗೆ ಹೇಗೆ ಬರಬೇಕು? ಇದನ್ನೇ ಅಕ್ಕನಿಗೆ ಕೇಳಿದರೆ, “ದಾರ ಬಿಗಿ,” ಅಂದಳು.

ಮರುದಿನ ಬುಧವಾರ. ಈ ವಾರ ಮಾತ್ರ ನನಗೆ ಖಚಿತ. ಮುಂದಿನದೆಲ್ಲ ವಾರದ ಮೇಲೆಯೇ ನಿಂತಿದೆ.

ನಮ್ಮ ಬಾತ್‌ರೂಮಿನಲ್ಲಿ ಹಿಡಿಕೆ ಒಂದೇ. ಎಡಕ್ಕೆ ತಿರುಗಿಸಿದರೆ ಕೆಳಗಿನ ನಳ, ಬಲಕ್ಕೆ ತಿರುಗಿಸಿದರೆ ಶವರ್. ಬೆಳಗ್ಗೆ ಅಕ್ಕ ಮುಖ ತೊಳೆಯಲು ಹೋಗಿ, ಸೊಟ್ಟ ಮಣಿಕಟ್ಟಿನಿಂದ ಹಿಡಿಕೆಯನ್ನು ಹೇಗೆ ಬಂತೋ ಹಾಗೆ ತಿರುಗಿಸಿದಳು. ರಾತ್ರಿಯೆಲ್ಲ ನೆನೆದ ಉಪ್ಪು ಸ್ವಲ್ಪ ಸಡಿಲಾಗಿತ್ತೆಂದು ಕಾಣುತ್ತದೆ. ನೀರು ನುಗ್ಗಿ, ಚೀಲ ಉಬ್ಬಿ, ಒಡೆದು, ಹುಣಸೆಹುಳಿಯೆಲ್ಲ ಅವಳ ನೆತ್ತಿಯ ಮೇಲೆ ಬಿತ್ತು. ನಾರು, ಬೀಜ, ಎಲ್ಲ. ಅಕ್ಕ ಕೂಗಲಿಲ್ಲ. ಬಾಗಿಲು ತೆಗೆದು, ಕಣ್ಣು ಮುಚ್ಚಿಕೊಂಡೇ, ಗೋಡೆ ಹಿಡಿದು ಹಿತ್ತಲಿಗೆ ನಡೆದಳು. ಸರೋಜಾ ತಂಬಿಗೆ ಹಿಡಿದು ಬೆನ್ನ ಹಿಂದೆ ಓಡಿದಳು.

“ಮುಟ್ಟಬ್ಯಾಡ,” ಅಂದಳು ಅಕ್ಕ. “ಪೈಪ್ ಎಲ್ಲದ?”

ಎಮ್ಮೆಯ ವಿಷಯವನ್ನು ಆಗ ಯಾರೂ ಎತ್ತಲಿಲ್ಲ. ಉಟ್ಟ ಸೀರೆಯಲ್ಲೇ ಒಗೆಯುವ ಕಲ್ಲಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಗಿಡಕ್ಕೆ ನೀರು ಬಿಡುವ ಪೈಪನ್ನು ಎಡಗೈಯಲ್ಲಿ ತಲೆಗೆ ಹಿಡಿದುಕೊಂಡಳು. ಕೂದಲು ಬಿಚ್ಚಿ ಮುಖದ ಮೇಲೆ ಬಿದ್ದಿತ್ತು. ಹುಳಿ ಹೋಗಿ ಕೆಂಪಗಾದ ಕಣ್ಣುಗಳಿಂದ ನೀರು ಧಾರಾಕಾರ ಸುರಿಯುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಯಂಕಮ್ಮ ಗೋಡೆಯಾಚೆ ಬಟ್ಟೆ ಹರವಲು ಬಂದಳು.

ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಹತ್ತಿರದವರ ಸಾವಿನ ಸುದ್ದಿ ಬಂದರೆ ನಮ್ಮ ಹೆಂಗಸರು ಉಟ್ಟ ಸೀರೆಯ ಮೇಲೇ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಬೇರೆ ಯಾವ ಕಾರಣಕ್ಕೂ ಬುಧವಾರ ಬೆಳಗ್ಗೆ, ಬಯಲಲ್ಲಿ, ಕೂದಲು ಬಿಚ್ಚಿ, ಅಳುತ್ತ, ಸೀರೆಯುಟ್ಟು ಯಾರೂ ಮೀಯುವುದಿಲ್ಲ. ಇನ್ನೊಂದು: ಹಾಗೆ ನೀರು ಹಾಕಿಕೊಳ್ಳುವವರನ್ನು ಯಾರು ಸತ್ತರೆಂದು ಕೇಳಬಾರದು. ಕೇಳುವುದು ದೊಡ್ಡ ಒರಟುತನ. ಬಂದು, ಕೂತು, ಕೂಡಿ ಅತ್ತರೆ ತಾನಾಗಿ ತಿಳಿಯುತ್ತದೆ. ಯಂಕಮ್ಮ ಮರ್ಯಾದಸ್ಥೆ. ಒದ್ದೆ ಬಟ್ಟೆಯನ್ನು ಬುಟ್ಟಿಗೇ ಹಾಕಿಕೊಂಡು, ಸೆರಗು ಬಾಯಿಗಿಟ್ಟು ಒಳಗೆ ಹೋದಳು. ಅವಳ ತವರು ಮಾನ್ವಿ, ನಮ್ಮ ಚಿಗವ್ವನ ಓಣಿ. ಚಿಗವ್ವನಿಗೆ ಫೋನು ಮಾಡಿ ಹೇಳಿದ್ದು ಇಷ್ಟೇ: “ನಿಮ್ಮ ಅಮರಮ್ಮ ಉಟ್ಟ ಸೀರಿ ಮ್ಯಾಲ ನೀರು ಹಾಕ್ಕೊಂಡಾಳ.” ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಮಾನ್ವಿ ಬಸ್ಸು ಇಳಿದು, ಆಟೋ ಹಿಡಿದು, ಚಿಗವ್ವ ಮತ್ತು ಅವಳ ಮಗ ಪಂಪಣ್ಣ ಬಂದರು. ಚಿಗವ್ವ ಅಂದರೆ ನಮ್ಮ ಕಾಕನ ಹೆಂಡತಿ. ದನಿಯ ಹೆಂಗಸು. ಗೇಟಿನಲ್ಲೇ ದನಿ ತೆಗೆದಳು. “ಎಲ್ಲಿ ಹೋದೆಪ್ಪೋ, ಮನಿ ದೀಪ ಆರಿಸಿ ಎಲ್ಲಿ ಹೋದೆಪ್ಪೋ” ಎಂದು ರಾಗ ಎಳೆಯುತ್ತ ನೇರ ಒಳಗೆ ಬಂದು ಅಕ್ಕನ ಕೊರಳಿಗೆ ಬಿದ್ದಳು. ಬಾಗಿಲಲ್ಲಿ ಯಾರಾದರೂ ಹಾಡಿಕೊಂಡು ಅಳುತ್ತ ಬಂದರೆ ಏನು ಮಾಡಬೇಕೆಂದು ಅಕ್ಕನಿಗೆ ಯಾರೂ ಕಲಿಸಬೇಕಿಲ್ಲ. ಆ ಕ್ಷಣಕ್ಕೇ ಅವಳೂ ದನಿ ಕೂಡಿಸಿದಳು. ಕಾಕ ಹೋದ ಎಂದು ತಿಳಿದಿದ್ದಳು. ಅಡುಗೆ ಮನೆಯಿಂದ ಹಿಟ್ಟಿನ ಕೈಯಲ್ಲಿ ಬಂದ ಸರೋಜಾ ಈ ದೃಶ್ಯ ನೋಡಿ ಅಲ್ಲೇ ಕುಸಿದಳು. ಕವಿತಾಳದಲ್ಲಿ ಅವಳ ತಾಯಿಗೆ ಮೈಯಲ್ಲಿ ಹುಷಾರಿರಲಿಲ್ಲ. ಎಲ್ಲರಿಗೂ ಗೊತ್ತಾಗಿ ತನಗೊಬ್ಬಳಿಗೇ ಮುಚ್ಚಿಟ್ಟಿದ್ದಾರೆ ಎಂದುಕೊಂಡಳು. ಪಂಪಣ್ಣ ನನ್ನ ಪಕ್ಕ ಕೂತು, ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ತಲೆ ತಗ್ಗಿಸಿದ.

ನಾನೂ ಅತ್ತೆ. ಯಾರಿಗೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಕಣ್ಣೀರು ಬಂದದ್ದು, ಅದೂ ಸಾಕಷ್ಟು ಬಂದದ್ದು, ನನಗೆ ಆಶ್ಚರ್ಯ. ಹಿಂದೆ ಗೊತ್ತಿದ್ದವರು ಸತ್ತಾಗ ನನಗೆ ಇಷ್ಟು ಸುಲಭವಾಗಿ ಬಂದಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಪಂಪಣ್ಣ ಮೆಲ್ಲಗೆ ಕೇಳಿದ: “ಮಣ್ಣು ಎಷ್ಟೊತ್ತಿಗಿ?”

“ನೀ ಹೇಳಬೇಕು,” ಅಂದೆ.

“ನನಗೇನು ಗೊತ್ತು? ನಿಮ್ಮ ಮನಿ ಸಾವು.”

“ನಮ್ಮ ಮನ್ಯಾಗ ಯಾರು ಸತ್ತಾರ? ನೀವಲ್ಲೇನು ಅಳಕೋಂತ ಬಂದವ್ರು.”

ಅಳು ಒಂದೊಂದಾಗಿ ನಿಂತಿತು. ಅಕ್ಕ ಚಿಗವ್ವನ ಭುಜದಿಂದ ಮುಖ ಎತ್ತಿದಳು.

“ಕಾಕ?” ಅಂದಳು.

“ಅವನಿಗೇನಾಗ್ಯದ? ಉಂಡು ಮಲಕ್ಕೊಂಡಾನ. ನಿನ್ನ ಗಂಡ?”

“ದೇವದುರ್ಗದಾಗ ಕಟ್ಟಿ ಮ್ಯಾಲ ಇಸ್ಪೀಟ್ ಆಡಾಕತ್ತಿರತಾರ.”

“ನಾ ಅವನಿಗಂತ ಅತ್ತೀನಲ್ಲ ಬೇ. ಅರ್ಧ ಹಾಡು ಹಾಡಿ ಮುಗಿಸೀನಿ.”

“ನಾ ಸರೋಜವ್ವನ ತಾಯಿ ಅಂತ ತಿಳಕೊಂಡಿದ್ದೆ,” ಅಂದ ಪಂಪಣ್ಣ ಸಂಕೋಚದಿಂದ. ಸರೋಜಾ ಎದ್ದು ಕವಿತಾಳಕ್ಕೆ ಫೋನು ಮಾಡಿದಳು. ಅವಳ ತಾಯಿಯೇ ಫೋನು ಎತ್ತಿ, ಈ ಹೊತ್ತಿನಲ್ಲಿ ಯಾಕೆ ಮಾಡಿದೆ, ಈಗಷ್ಟೇ ಕಣ್ಣು ಹತ್ತಿತ್ತು ಎಂದು ಬೈದರು. ಸರೋಜಾ ಆ ಬೈಗುಳವನ್ನು ಪೂರ್ತಿ ಕೇಳಿದಳು.

“ಯಾರೂ ಸತ್ತಿಲ್ಲಂದ್ರ ಸೀರಿ ಮ್ಯಾಲ ಯಾಕ ನೀರು ಹಾಕ್ಕೊಂಡಿ?” ಚಿಗವ್ವ ಈಗ ಅಕ್ಕನ ಮೇಲೆ ತಿರುಗಿದಳು.

“ತಲಿ ಮ್ಯಾಲ ಹುಣಸಿಹುಳಿ ಬಿತ್ತು.”

“ಅಡಿಗಿ ಮನ್ಯಾಗ?”

“ಬಚ್ಚಲದಾಗ.”

 ನಂತರ ನಗು ಬಂತು. ಮೊದಲು ಯಾರಿಗೆ ಬಂತೆಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಸರೋಜಾ ತನಗೇ ಎನ್ನುತ್ತಾಳೆ, ಪಂಪಣ್ಣನೂ ತನಗೇ ಎನ್ನುತ್ತಾನೆ. ಈ ಸಂದರ್ಭ ಒಳ್ಳೆಯದೆಂದು ನಾನು ಹಿಟ್ಟಿನ ಗಿರಣಿಯ ಕಥೆ ಯಾರದೆಂದು ಅವನನ್ನೇ ಕೇಳಿದೆ. “ನಾನೂ ಅಲ್ಲ, ನೀನೂ ಅಲ್ಲ,” ಅಂದ. “ಓಡಿದಾಕಿ ಅಮರಕ್ಕ. ನಾವಿಬ್ರೂ ಬೆನ್ನತ್ತಿದ್ದಿವಿ.” ಅಕ್ಕ ಅವನ ಕಡೆ ನೋಡಿದ ನೋಟ ಹೇಗಿತ್ತೆಂದರೆ, ಆ ವಿಷಯವನ್ನು ಅಲ್ಲಿಗೇ ಬಿಟ್ಟೆವು.

ಚಹಾ ಆಯಿತು. ಆದರೆ ಚಿಗವ್ವ ಲೋಟ ಮುಟ್ಟಲಿಲ್ಲ. “ಅತ್ತಿದ್ದು ಅತ್ತೀವಿ. ಸಾವಿನ ಹಾಡು ಬಾಯಾಗ ಬಂದದ. ನೀರು ಹಾಕ್ಕೊಳ್ದ ಚಾ ಕುಡಿಯೋದು ಹ್ಯಾಂಗ, ಮನಿ ಹೊಸ್ತಿಲ ದಾಟೋದು ಹ್ಯಾಂಗ?”

“ಯಾರೂ ಸತ್ತಿಲ್ಲಲ್ಲ ಯವ್ವಾ,” ಅಂದ ಪಂಪಣ್ಣ.

“ಹಾಡಿಗೇನು ಗೊತ್ತಲೇ ಯಾರೂ ಸತ್ತಿಲ್ಲಂತ?”

ಮೀಯಲು ಎದ್ದೇ ಬಿಟ್ಟಳು. ಚಿಗವ್ವ ಬಾತ್‌ರೂಮಿನ ಬಾಗಿಲು ತೆಗೆದವಳು ಹೊರಗೇ ನಿಂತಳು. “ಇದೇನಲೇ ಇದು, ಬಚ್ಚಲೋ ಕರಡಿ ಗವಿಯೋ? ಇದರಾಗ ಮಿಂದ್ರ ಮೈಲಿಗಿ ಹೋಗೋದಿಲ್ಲ, ಹತ್ತತದ.” ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಅಳಲು ಬಂದ ಹುರುಪನ್ನೆಲ್ಲ ಗೋಡೆಯ ಮೇಲೆ ತಿರುಗಿಸಿದಳು. ನೆಲದ ಮೇಲಿನ ಹುಣಸೆಯ ನಾರು, ಬೀಜವನ್ನೆಲ್ಲ ಸರೋಜಾ ಮೊದಲು ತೊಳೆದು ಹೊರಗೆ ಹಾಕಿದಳು. ಅಂಗಡಿಯವನ ಮಾತು ಅವಳಿಗೆ ನೆನಪಿತ್ತು, ಹುಣಸೆಹುಳಿಯೂ ಒಂದು ನಮೂನೆ ಆ್ಯಸಿಡ್ಡೇ ಅಂದಳು. ಪಂಪಣ್ಣ ಸ್ಟೂಲು ಹತ್ತಿ ಕಿಟಕಿಯ ರಟ್ಟು ಕಿತ್ತ. ಅದರ ಹಿಂದಿನಿಂದ ಬಿಸಿಲು, ಬೂದಿ, ಒಂದು ಗುಬ್ಬಿಗೂಡಿನ ಹುಲ್ಲು ಎಲ್ಲ ಒಟ್ಟಿಗೆ ಬಿದ್ದವು. ನಾನು ಬ್ಲೀಚಿಂಗ್ ಪುಡಿ ಕಲಸಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಚ್ಚಿದೆ. ತೆಂಗಿನ ನಾರಿನಿಂದ ತಿಕ್ಕಿದಷ್ಟೂ ಗೋಡೆಯಿಂದ ಮಸಿಯಂಥ ನೀರು ಇಳಿಯಿತು. ನಾನು ಹೊಡೆಸಿದ ದೀಪಾವಳಿಯ ಬಣ್ಣವೂ ಸಿಪ್ಪೆಯಾಗಿ ಬಂತು. ಗೋಡೆಯ ಕೆಳಭಾಗದ ಟೈಲುಗಳ ಸಂದಿಯ ಕಪ್ಪು ಮಾತ್ರ ಹೋಗಲಿಲ್ಲ. ಅದನ್ನು ಆಮೇಲೆ ಕೆರೆದು ತೆಗೆದು ಬಿಳಿ ಸಿಮೆಂಟು ತುಂಬಬೇಕಾಯಿತು. ಆ ದಿನ ನಾವು ಸಂತಾಪದವರು ಇಷ್ಟು ಮಾಡಿದೆವು.

ಎಲ್ಲ ತೊಳೆದಾದ ಮೇಲೆ ಚಿಗವ್ವ ಉಟ್ಟ ಸೀರೆಯಲ್ಲೇ ಶವರಿನ ಕೆಳಗೆ ನಿಂತು ಹಿಡಿಕೆ ತಿರುಗಿಸಿದಳು. ಒಳಗೆ ಏನೋ ಕೆಮ್ಮಿತು. ಒಂದು ತೂತಿನಿಂದ ಸೂಜಿಯಂಥ ಧಾರೆ ಹೊರಟು ನೇರವಾಗಿ ಬಾಗಿಲಲ್ಲಿದ್ದ ಪಂಪಣ್ಣನ ಕಿವಿಗೆ ಹೊಡೆಯಿತು. ಆಮೇಲೆ ಕಂದು ನೀರು, ಆಮೇಲೆ ಸುಣ್ಣದ ಹಳಕು, ಆಮೇಲೆ ಅಲ್ಲೊಂದು ಇಲ್ಲೊಂದು ತೂತು ಬಿಟ್ಟುಕೊಂಡು ನಾಲ್ಕು ದಿಕ್ಕಿಗೂ ನೀರು. ಮಾಳಿಗೆಯ ಮೇಲಿನ ಟಾಕಿಯ ನೀರು ಬಿಸಿಲಿಗೆ ಕಾದು ಹದವಾಗಿತ್ತು. ಚಿಗವ್ವ ಕಣ್ಣು ಮುಚ್ಚಿ, ಕೈ ಎರಡೂ ಕೆಳಗೆ ಬಿಟ್ಟು, ಸತ್ತಿಲ್ಲದವರ ಮೈಲಿಗೆ ತೊಳೆದುಕೊಳ್ಳುತ್ತ ನಿಂತೇ ಇದ್ದಳು. ಬೇಗ ಬರುವ ಮನಸ್ಸು ಅವಳಿಗಿರಲಿಲ್ಲ.

ಅಕ್ಕ ಬಾಗಿಲ ಹೊರಗೆ ನಿಂತು ಚಿಗವ್ವನ ಕೈಗಳನ್ನೇ ನೋಡುತ್ತಿದ್ದಳು. ಅವು ಒಮ್ಮೆಯೂ ಮೇಲೆ ಏಳಲಿಲ್ಲ.

“ಹ್ಯಾಂಗದ ಚಿಗವ್ವ?” ಅಂದಳು.

“ತಲಿ ಬಿಟ್ಟು ಉಳದದ್ದಕ್ಕೆಲ್ಲ ಬೀಳತದ.”

ಅದು ನಿಜ. ಅರ್ಧ ತೂತು ಇನ್ನೂ ಮುಚ್ಚಿದ್ದವು. ಮುಂದಿನ ದಿನಗಳಲ್ಲಿ ಶವರಿನ ತಲೆಯನ್ನು ಬಿಚ್ಚಿ ಹುಣಸೆ ನೀರಿನ ಬೋಗುಣಿಯಲ್ಲಿ ನೆನೆಹಾಕಿ, ಹೊಲಿಗೆ ಸೂಜಿಯಿಂದ ಒಂದೊಂದೇ ತೂತು ಚುಚ್ಚುತ್ತ ಕೂತೆ. ಅಕ್ಕ ಎದುರಿಗೆ ನಿಂತು ಭುಜದ ವ್ಯಾಯಾಮ ಮಾಡುತ್ತಿದ್ದಳು, ಗೋಡೆಯ ಮೇಲೆ ಬೆರಳುಗಳನ್ನು ಜೇಡನ ಹಾಗೆ ಮೇಲೆ ಮೇಲೆ ಹತ್ತಿಸುವುದು. ಅವಳ ಬೆರಳು ಕ್ಯಾಲೆಂಡರಿನ ಕೆಳಗೇ ನಿಲ್ಲುತ್ತಿತ್ತು. ನಾನು ತೂತು ಚುಚ್ಚುವುದೂ ಅವಳು ಗೋಡೆ ಹತ್ತುವುದೂ ಒಂದು ರೀತಿಯ ಪಂದ್ಯದ ಹಾಗಿತ್ತು, ಇಬ್ಬರಿಗೂ ಗೆಲ್ಲುವ ಲಕ್ಷಣವಿರಲಿಲ್ಲ. ಈ ಹೊತ್ತಿನಲ್ಲೇ ಆ ಇಲ್ಲದ ಗೋಡೆಯ ಜಗಳ ಬಂದದ್ದು. ಪೈಪಿನ ವಿಷಯವನ್ನು 'ದೇವದುರ್ಗಕ್ಕ ಮುಟ್ಟಿಸಬ್ಯಾಡ' ಎಂದು ಅವಳು ನನ್ನಿಂದ ಮಾತು ತೆಗೆದುಕೊಂಡದ್ದೂ ಆಗಲೇ. ದೇವದುರ್ಗಕ್ಕೆ ನಾನು ಹೇಳಿಲ್ಲ. ನಿಮಗೆ ಹೇಳಿದ್ದು ಬೇರೆ.

ಮುಂದಿನ ವಾರದ ಶುಕ್ರವಾರ ಬೆಳಗ್ಗೆ ಅಕ್ಕ ಒಗೆದ ಸೀರೆ, ಸೀಗೆಪುಡಿಯ ಬಟ್ಟಲು, ಕೂರಲು ಒಂದು ಮಣೆ, ಎಲ್ಲ ಒಳಗಿಟ್ಟುಕೊಂಡು ಬಾಗಿಲು ಹಾಕಿದಳು. ಚಿಲಕದ ಶಬ್ದ ಕೇಳಿತು. ನಾನು ಪೇಪರ್ ಹಿಡಿದು ಅಲ್ಲೇ ಕೂತೆ. ಸರೋಜಾಗೆ ಒಮ್ಮೆಲೇ ಆ ಪಡಸಾಲೆಯಲ್ಲೇ ಅಕ್ಕಿ ಆರಿಸುವ ಕೆಲಸ ಬಂತು. ಬಹಳ ಹೊತ್ತು ಒಳಗೆ ಏನೂ ಇಲ್ಲ. ಸರೋಜಾ ನನ್ನ ಮುಖ ನೋಡಿದಳು. ಎದ್ದು ಬಾಗಿಲ ಹತ್ತಿರ ಹೋಗಿ, “ಅಕ್ಕಾರ, ಎಡಕ್ಕಲ್ರಿ, ಬಲಕ್ಕ...” ಅನ್ನುವುದರಲ್ಲಿ ನೀರಿನ ಸದ್ದು ಶುರುವಾಯಿತು. ಒಳಗಿನಿಂದ ಅಕ್ಕನ ದನಿ: “ಬರಾಕತ್ತದ. ನೀವು ನಿಮ್ಮ ಕೆಲಸ ನೋಡ್ಕೋರಿ, ಹೋಗ್ರಿ.”

ನಮಗೆ ಬೇರೆ ಕೆಲಸ ಇರಲಿಲ್ಲ. ನೀರು ಬೀಳುತ್ತಲೇ ಇತ್ತು. ಟಾಕಿ ಖಾಲಿಯಾಗುತ್ತದೆಂದು ನನಗೆ ಆತಂಕ, ಹೇಳಲು ಧೈರ್ಯವಿಲ್ಲ. ನಡುವೆ ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ಏನೋ ಬಿದ್ದ ಸದ್ದಾಯಿತು, ಬಟ್ಟಲು ಇರಬೇಕು. ಸರೋಜಾ ಅಕ್ಕಿಯ ಮೊರ ಕೆಳಗಿಟ್ಟಳು. ನೀರು ಬೀಳುತ್ತಲೇ ಇತ್ತು.

ಅಕ್ಕ ಬಾಗಿಲು ತೆಗೆದು ಹೊರಗೆ ಬಂದಾಗ ಸೀರೆ ನೀಟಾಗಿ ಉಟ್ಟಿದ್ದಳು. ಕೂದಲಿಗೆ ಟವೆಲ್ಲು ಸುತ್ತಿತ್ತು, ಸ್ವಲ್ಪ ಓರೆಯಾಗಿ. ನಮ್ಮಿಬ್ಬರನ್ನೂ ದಾಟಿ ಬಿಸಿಲಿಗೆ ಹೋಗಿ ಕೂತಳು. ಗೋಡೆಯಾಚೆಯಿಂದ ಯಂಕಮ್ಮ ಇಣುಕಿ, ಒದ್ದೆ ತಲೆ ಕಂಡು, ಮನಸ್ಸಿನಲ್ಲೇ ವಾರ ಎಣಿಸಿ, ಶುಕ್ರವಾರವೆಂದು ಖಾತ್ರಿಯಾದ ಮೇಲೆ, “ನೀರಾತೇನ್ರಿ ಯಕ್ಕಾ?” ಅಂದಳು.

“ಆತು,” ಅಂದಳು ಅಕ್ಕ.

ಸರೋಜಾಗೆ ತಡೆಯಲಾಗಲಿಲ್ಲ. ಎಣ್ಣೆ ಬಟ್ಟಲು ಹಿಡಿದು ಪಕ್ಕ ಕೂತು, ತಲೆಯನ್ನು ಹೇಗೆ ತಿಕ್ಕಿಕೊಂಡಿರಿ, ಬೆನ್ನಿಗೆ ಕೈ ಹೇಗೆ ಹೋಯಿತು, ಸೀಗೆಪುಡಿ ಹೋಗುವಂತೆ ತೊಳೆದಿರೋ ಇಲ್ಲವೋ ಎಂದೆಲ್ಲ ಕೇಳಿದಳು.

“ಅದನ್ನ ಯಾರೂ ಕೇಳಬಾರದಂತನ ಚಿಲಕ ಹಾಕೋದು,” ಅಂದಳು ಅಕ್ಕ. ಎಣ್ಣೆ ಹಚ್ಚಲು ಮಾತ್ರ ತಲೆ ಕೊಟ್ಟಳು.

ಅವಳು ಬೇಸಿಗೆ ಮುಗಿಯುವವರೆಗೆ ಇದ್ದಳು, ಮೈಗೆ ದಿನಾ, ತಲೆಗೆ ವಾರ ನೋಡಿ, ಬಾಗಿಲು ಹಾಕಿಕೊಂಡೇ ಮಿಂದಳು. ಆಮೇಲೆ ದೇವದುರ್ಗದಲ್ಲಿ ಅವಳ ಮಗ ಇಂಥದೇ ಒಂದು ಶವರ್ ಹಾಕಿಸಿದ. ಕೈ ಈಗಲೂ ಪೂರ್ತಿ ಏಳುವುದಿಲ್ಲ. ಒಳಗೆ ನೀರು ನೆತ್ತಿಗೆ ಬಿತ್ತೋ ಬರೀ ಗೋಡೆಗೆ ಬಿತ್ತೋ, ಒಂದು ಕೈ ಏಳದೆ, ಇನ್ನೊಂದು ಸೊಟ್ಟಾಗಿ, ಅಷ್ಟುದ್ದ ಕೂದಲನ್ನು ಅವಳು ಹೇಗೆ ತೊಳೆದುಕೊಂಡಳೋ, ತೊಳೆದುಕೊಂಡಳೋ ಇಲ್ಲವೋ, ನಾವು ಹೊರಗೆ ಕೂತ ಆ ಹೊತ್ತಿನಲ್ಲಿ ಏನೇನಾಯಿತೋ, ನನಗೆ ಗೊತ್ತಿಲ್ಲ.